‘ಹುಡುಗ ಮನೆ ಬಿಟ್ಟದ್ದು ನಿಜ ಅಲ್ಲ’ ಅನ್ನೋಕೆ ಹೋಗಿ ‘ಬಿಡೋದು ಸರಿ ಅಲ್ಲ’ ಅಂದುಬಿಟ್ಟೆ: ಟರ್ಕಿಶ್ ಬಲ್ಲವರು ಬಿಡಿಸಿ ಹೇಳ್ತೀರಾ?

ರೇಷ್ಮೆಗೂಡು:

ಎಲ್ಲರಿಗೂ ನಮಸ್ಕಾರ. ನಾನು ರಾಮನಗರದವನು. ಟರ್ಕಿಯ ಬುರ್ಸಾಕ್ಕೆ ಬಂದು ಹದಿನಾಲ್ಕು ತಿಂಗಳಾಯ್ತು, ನೇಯ್ಗೆ ಮಷೀನುಗಳ ಸರ್ವೀಸ್ ಕೆಲಸ. ನಮ್ಮೂರ ಗೂಡಿನ ಮಾರ್ಕೆಟ್ಟಲ್ಲಿ ಆಡಿ ಬೆಳೆದವನಿಗೆ ಇಲ್ಲಿ ‘ಕೋಝಾ ಹಾನ್’ ಅನ್ನೋ ರೇಷ್ಮೆ ವ್ಯಾಪಾರದ ಹಳೇ ಛತ್ರ ಸಿಕ್ಕಿತು. 1491ರಲ್ಲಿ ಕಟ್ಟಿದ್ದಂತೆ. ಕೋಝಾ ಅಂದ್ರೆ ರೇಷ್ಮೆಗೂಡೇ. ಹಾಗಾಗಿ ಊರು ಬೇಗ ಒಗ್ಗಿತು. ಭಾಷೆ ಒಗ್ಗಿಲ್ಲ.

ಹೋದ ವಾರ ಆದದ್ದು ಕೇಳಿ. ನಮ್ಮ ಕಟ್ಟಡದ ಮೇಲ್ಮನೆಯಲ್ಲಿ ಒಬ್ಬ ಕಾಲೇಜು ಹುಡುಗ ಇದ್ದಾನೆ. ಕೆಳಗೆ ಮನೆ ಓನರ್, ಎಪ್ಪತ್ತು ದಾಟಿದ ತೆಯ್ಝೆ. (ತೆಯ್ಝೆ ಅಂದ್ರೆ ಅಮ್ಮನ ಅಕ್ಕತಂಗಿಯರು; ಇಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಹಾಗೇ ಕರೀತಾರೆ.) ಅವರು ವಾಟ್ಸಾಪ್ ಮಾಡಿದ್ರು: ಹುಡುಗ ಮನೆ ಖಾಲಿ ಮಾಡಿಕೊಂಡು ಹೋದನಂತೆ, ಹೌದಾ ಅಂತ. ಹುಡುಗ ರಜೆಗೆ ಊರಿಗೆ ಹೋಗಿದ್ದ ಅಷ್ಟೇ. ಸೈಕಲ್ಲು ಮೆಟ್ಟಿಲ ಕೆಳಗೇ ಇತ್ತು. ‘ಅವನು ಖಾಲಿ ಮಾಡಿದ್ದು ನಿಜ ಅಲ್ಲ’ ಅಂತ ಹೇಳೋಣ ಅಂದ್ಕೊಂಡು ಡಿಕ್ಷನರಿ ಪಕ್ಕಕ್ಕಿಟ್ಟು, ಬಲು ಜಂಬದಿಂದ ಹೀಗೆ ಬರೆದೆ:

‘ಚೊಜೂನ್ ತಶಿನ್‌ಮಸಿ ದೋರು ದೆಯಿಲ್.’

ಸಂಜೆ ಹುಡುಗನ ಫೋನು. ದನಿಯಲ್ಲಿ ಗಾಬರಿ. ‘ಅಣ್ಣಾ, ನಾನು ಮನೆ ಬಿಡ್ತೀನಿ ಅಂತ ಯಾವಾಗ ಹೇಳಿದೆ? ಮೇಲಿನ ಮನೆ ಹಿಂತ್ಲಿ ಕೂಡ ನೀನು ಹೋಗೋದು ಸರಿ ಅಲ್ಲ ಅಂತಿದ್ದಾನೆ, ಏನು ಜಗಳ ನಿಮ್ಮದು ಅಂತ ತೆಯ್ಝೆ ಅರ್ಧ ಗಂಟೆ ಬುದ್ಧಿ ಹೇಳಿದ್ರು!’ (ಹಿಂತ್ಲಿ ಅಂದ್ರೆ ಭಾರತದವನು, ಅಂದ್ರೆ ನಾನೇ.)

ಎಲ್ಲಿ ಎಡವಿದೆ ಅಂತ ನಮ್ಮ ಫ್ಯಾಕ್ಟರಿಯ ಉಸ್ತಾನನ್ನ ಕೇಳಿದೆ. (ಉಸ್ತಾ ಅಂದ್ರೆ ನಮ್ಮ ಉಸ್ತಾದೇ, ಪದ ಒಂದೇ.) ಅವನು ‘ತಶಿನ್‌ಮಸಿ ಅಲ್ಲ, ತಶಿನ್‌ದಿಯಿ ಅನ್ನಬೇಕಿತ್ತು’ ಅಂದ. ಯಾಕೆ ಅಂದ್ರೆ ‘ಯಾಕೇಂದ್ರೆ ಅದು ಹಾಗೇ’ ಅಂದ. ಮಾತೃಭಾಷೆಯವರನ್ನ ವ್ಯಾಕರಣ ಕೇಳಬಾರದು ಅನ್ನೋದು ಗೊತ್ತಾಯ್ತು. ನನ್ನನ್ನ ಯಾರಾದ್ರೂ ‘ಬಂದದ್ದು’ ಯಾಕೆ ‘ಬಂದದ್ದು’ ಅಂತ ಕೇಳಿದ್ರೆ ನಾನೂ ಅದೇ ಹೇಳ್ತಿದ್ದೆ.

ಇನ್ನೊಂದು ತಲೆನೋವು. ‘ನಾನು ಹೋಗಬೇಕು’ ಅನ್ನೋದಕ್ಕೆ ನಾನು ಒಂದು ವರ್ಷದಿಂದ ‘ಬೆನ್ ಗಿತ್‌ಮೆಮ್ ಲಾಝಿಮ್’ ಅಂತಿದ್ದೆ. ಬೆನ್ ಅಂದ್ರೆ ನಾನು ತಾನೆ? ಆದರೆ ‘ಬೆನಿಮ್ ಗಿತ್‌ಮೆಮ್ ಲಾಝಿಮ್’ ಅನ್ನಬೇಕಂತೆ. ‘ನನ್ನ ಹೋಗೋದು ಅಗತ್ಯ’ ಅಂದ ಹಾಗೆ. ‘ನನ್ನ’ ಎಲ್ಲಿಂದ ಬಂತು? ಅದೂ ಅಲ್ದೆ, ಒಂದಿನ ಮೊಬೈಲ್ ಸಿಗ್ನಲ್ ಕಡಿದು ಉಸ್ತಾಗೆ ‘ಬೆನ್ ಗಿತ್‌ಮೆಮ್’ ಅಷ್ಟೇ ಕೇಳಿಸಿ, ‘ಹೋಗಲ್ಲ ಅಂತ ಹಟ ಹಿಡೀತೀಯಾ?’ ಅಂತ ಬೈದ.

ದಯವಿಟ್ಟು ರೋಮನ್ ಅಕ್ಷರ ಬೇಡ, ಕನ್ನಡ ಲಿಪಿಯಲ್ಲೇ ಬರೀರಿ. ಅಮ್ಮನೂ ಇದನ್ನೆಲ್ಲ ಓದ್ತಾರೆ.

ಅಂಕಾರಾ ಅಕ್ಕ:

ತಮ್ಮಾ, ಮೊದಲು ನಗು ಮುಗಿಸಿಕೊಂಡೆ. ಈಗ ಉತ್ತರ.

ನಾನು ಅಂಕಾರಾದಲ್ಲಿ ಒಂಬತ್ತು ವರ್ಷ ಇದ್ದವಳು. ಮೊದಲ ಎರಡು ವರ್ಷ ಇದೇ ಗುಂಡಿಗೆ ಬೀಳ್ತಾ ಇದ್ದೆ. ಎಡವಟ್ಟು ನಿನ್ನದಕ್ಕಿಂತ ಹೆಚ್ಚಾಗಿ ‘ದೋರು’ ಅನ್ನೋ ಪದದ್ದು. ನಮ್ಮಲ್ಲಿ ‘ನಿಜ’ ಬೇರೆ, ‘ಸರಿ’ ಬೇರೆ. ಅವರಿಗೆ ಎರಡಕ್ಕೂ ದೋರು ಒಂದೇ. ನೀನು ಯಾವ ದೋರು ಹೇಳ್ತಿದ್ದೀಯ ಅನ್ನೋದನ್ನ ಅದರ ಹಿಂದಿರೋ ಕ್ರಿಯಾಪದದ ಬಾಲ ತೀರ್ಮಾನಿಸುತ್ತೆ.

‘ಚೊಜೂನ್ ತಶಿನ್‌ದಿಯಿ ದೋರು ದೆಯಿಲ್’ ಅಂದ್ರೆ ಹುಡುಗ ಮನೆ ಬದಲಾಯಿಸಿದ ಅನ್ನೋ ಸುದ್ದಿ ಸುಳ್ಳು. ‘ಚೊಜೂನ್ ತಶಿನ್‌ಮಸಿ ದೋರು ದೆಯಿಲ್’ ಅಂದ್ರೆ ಹುಡುಗ ಮನೆ ಬದಲಾಯಿಸೋ ಕೆಲಸ ತಪ್ಪು. ತೆಯ್ಝೆ ಸರಿಯಾಗೇ ಅರ್ಥ ಮಾಡ್ಕೊಂಡಿದ್ದಾರೆ, ಪಾಪ. ಇನ್ನೂ ನಡೆಯದ ಸುದ್ದಿ ಆಗಿದ್ರೆ, ಅಂದ್ರೆ ‘ಬಿಡ್ತಾನಂತೆ’ ಅನ್ನೋದು ಸುಳ್ಳು ಅಂತ ಹೇಳಬೇಕಿದ್ರೆ, ‘ತಶಿನಜಾಯಿ ದೋರು ದೆಯಿಲ್’ ಅಂತ ಮೂರನೇ ಬಾಲ.

ಅಂದ್ರೆ ಇಡೀ ವಾಕ್ಯವನ್ನ ಮಡಚಿ ಕರ್ತೃವಿನ ಜಾಗದಲ್ಲಿ ಕೂರಿಸುವಾಗ ಅವರು ಒಂದು ಪ್ರಶ್ನೆ ಕೇಳ್ಕೋತಾರೆ: ನಾನು ಸುದ್ದಿ ಹೇಳ್ತಿದ್ದೀನೋ, ಕೆಲಸದ ಬಗ್ಗೆ ಹೇಳ್ತಿದ್ದೀನೋ? ಸುದ್ದಿಯಾದ್ರೆ ‘ದಿಕ್’ (ಇನ್ನು ಮುಂದಿನದಾದ್ರೆ ‘ಎಜೆಕ್’), ಕೆಲಸವಾದ್ರೆ ‘ಮೆ’. ಸ್ವರ ಹೊಂದಾಣಿಕೆಯಿಂದ (ಪದದ ಸ್ವರಕ್ಕೆ ತಕ್ಕ ಹಾಗೆ ಬಾಲದ ಸ್ವರ ಬದಲಾಗೋದು) ದಿಕ್ ಕೆಲವು ಕಡೆ ದುಕ್ ಆಗುತ್ತೆ, ಮೆ ಕೆಲವು ಕಡೆ ಮ ಆಗುತ್ತೆ, ಅದು ನಿನಗೆ ಗೊತ್ತಿರುತ್ತೆ. ದಿಕ್‌ನ ಮುಂದೆ ಸ್ವರ ಬಂದ್ರೆ ಕಕಾರ ಕರಗಿ ಹೋಗುತ್ತೆ. ಅದಕ್ಕೇ ನಿನಗೆ ತಶಿನ್‌ದಿಯಿ ಅಂತ ಕೇಳಿಸೋದು.

ನಾನು ಕಂಡುಕೊಂಡ ಉಪಾಯ ಒಂದಿದೆ. ಕನ್ನಡದಲ್ಲಿ ಆ ಮಾತನ್ನ ‘ಅನ್ನೋದು’ ಹಾಕಿ ಹೇಳಿ ನೋಡು. ‘ಅವನು ಮನೆ ಬಿಟ್ಟ ಅನ್ನೋದು ಸುಳ್ಳು’: ಸಲೀಸಾಗಿ ಬಂತು, ಹಾಗಾದ್ರೆ ದಿಕ್. ‘ಅವನು ಬರ್ತಾನೆ ಅನ್ನೋದು ಖಂಡಿತ’: ಬಂತು, ‘ಗೆಲೆಜೆಯಿ ಕೆಸಿನ್’. ‘ಅವನು ಹೋಗ್ತಾನೆ ಅನ್ನೋದು ಅಗತ್ಯ’: ಬಾಯಿಗೆ ಕಲ್ಲು ಸಿಕ್ಕ ಹಾಗಾಯ್ತು, ಹಾಗಾದ್ರೆ ಮೆ, ‘ಗಿತ್‌ಮೆಸಿ ಲಾಝಿಮ್’. ನಮ್ಮಲ್ಲಿ ‘ಎಂಬುದು’, ‘ಅನ್ನೋದು’ ಮಾಡೋ ಕೆಲಸವನ್ನ ಅವರಲ್ಲಿ ಪ್ರತ್ಯಯ ಮಾಡುತ್ತೆ.

ದಿಕ್ ಅಂದ್ರೆ ಭೂತಕಾಲ ಅಂತ ಮಾತ್ರ ತಿಳ್ಕೋಬೇಡ. ‘ಯಾಮುರ್ ಯಾದಿಯಿ ಬೆಲ್ಲಿ’ ಅಂದ್ರೆ ಮಳೆ ಬಂದದ್ದು ಗೊತ್ತಾಗ್ತಿದೆ ಅಂತಲೂ ಆಗಬಹುದು, ಮಳೆ ಬರ್ತಿರೋದು ಗೊತ್ತಾಗ್ತಿದೆ ಅಂತಲೂ ಆಗಬಹುದು. ಕಿಟಕಿ ಆಚೆ ನೋಡಿ ಅರ್ಥ ಮಾಡ್ಕೋಬೇಕು. ಕನ್ನಡ ನಮ್ಮನ್ನ ‘ಬಂದದ್ದು’, ‘ಬರ್ತಿರೋದು’ ಅಂತ ಆರಿಸೋಕೆ ಹಚ್ಚುತ್ತೆ, ಟರ್ಕಿಶ್ ಹಚ್ಚಲ್ಲ.

ಯಾರ ಕೆಲಸ ಅನ್ನೋದೇ ಮುಖ್ಯ ಅಲ್ಲದಿದ್ರೆ ಬರೀ ‘ಮೆಕ್’ ಸಾಕು. ಬೋರ್ಡಿನಲ್ಲಿ ನೋಡಿರ್ತೀಯ, ‘ಸಿಗಾರಾ ಇಚ್‌ಮೆಕ್ ಯಸಾಕ್’, ಸಿಗರೇಟು ಸೇದುವುದು ನಿಷಿದ್ಧ. ಯಾರು ಸೇದುವುದು? ಯಾರೇ ಆಗಲಿ.

ಇನ್ನು ನಿನ್ನ ‘ಬೆನಿಮ್’. ‘ನನ್ನ ಮನೆ’ಗೆ ಏನಂತೀಯ? ‘ಬೆನಿಮ್ ಎವಿಮ್’. ‘ನಿನ್ನ ಮನೆ’, ‘ಸೆನಿನ್ ಎವಿನ್’. ‘ಅಲಿಯ ಮನೆ’, ‘ಅಲಿನಿನ್ ಎವಿ’. ಈಗ ಮನೆ ತೆಗೆದು ‘ಹೋಗೋದು’ ಇಡು: ಬೆನಿಮ್ ಗಿತ್‌ಮೆಮ್, ಸೆನಿನ್ ಗಿತ್‌ಮೆನ್, ಅಲಿನಿನ್ ಗಿತ್‌ಮೆಸಿ. ಅವರ ಲೆಕ್ಕದಲ್ಲಿ ಹೋಗೋದೂ ಮನೆಯ ಹಾಗೆ ಒಂದು ಆಸ್ತಿ, ಅದಕ್ಕೊಬ್ಬ ಒಡೆಯ ಬೇಕು. ಬಾಲದಲ್ಲೇ ಒಡೆಯನ ಗುರುತು ಇರೋದರಿಂದ ‘ಬೆನಿಮ್’ ಬಿಟ್ಟು ‘ಗಿತ್‌ಮೆಮ್ ಲಾಝಿಮ್’ ಅಂದ್ರೂ ಸಾಕು. ಹಾಗೇ ಅನ್ನೋದು ಹೆಚ್ಚು.

ನಿನ್ನ ಉಸ್ತಾ ಬೈದದ್ದಕ್ಕೂ ಕಾರಣ ಇದೆ. ಕರ್ತೃವಾಗಿ ‘ಬೆನ್’ ಇಟ್ಟು ‘ಗಿತ್‌ಮೆಮ್’ ಅಂದ್ರೆ ಅದು ಪೂರ್ತಿ ವಾಕ್ಯ: ನಾನು ಹೋಗಲ್ಲ. ಅಲ್ಲಿರೋ ‘ಮೆ’ ನಿಷೇಧದ ಮೆ. ‘ಬೆನಿಮ್’ ಇಟ್ರೆ ಅದು ‘ನನ್ನ ಹೋಗೋದು’, ಆ ‘ಮೆ’ ಬೇರೆ ಮೆ. ಕಿವಿಗೆ ಎರಡೂ ಒಂದೇ. ಆಮೇಲೆ ಇವೆರಡು ಮೆಗಳೂ ಒಂದೇ ಪದದಲ್ಲಿ ಬಂದು ಕೂರ್ತವೆ: ‘ಗೆಲ್‌ಮೆಮೆಸಿ ಇಯಿ ಒಲ್ದು’, ಅವನು ಬರದೇ ಇದ್ದದ್ದು ಒಳ್ಳೇದಾಯ್ತು. ಮೊದಲನೇ ಮೆ ‘ಇಲ್ಲ’, ಎರಡನೇ ಮೆ ‘ಅದು’.

ನಿವೃತ್ತ ಮೇಷ್ಟ್ರು:

ನನಗೆ ಟರ್ಕಿಶ್ ಬಾರದು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ, ಸಂಸ್ಕೃತ ಪಾಠ ಮಾಡಿದವನು. ಅಕ್ಕನವರು ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ.

‘ನನ್ನ ಎಲ್ಲಿಂದ ಬಂತು’ ಎಂದು ಕೇಳಿದ್ದೀರಿ. ಸಂಸ್ಕೃತ ಓದಿದವರಿಗೆ ಇದು ಹೊಸದಲ್ಲ. ‘ರಾಮಃ ಆಗಚ್ಛತಿ’ ಎಂಬಲ್ಲಿ ಪ್ರಥಮಾ ವಿಭಕ್ತಿಯಲ್ಲಿರುವ ರಾಮ, ‘ರಾಮಸ್ಯ ಆಗಮನಮ್’ ಎಂದೊಡನೆ ಷಷ್ಠಿಗೆ ಇಳಿಯುತ್ತಾನೆ. ಪಾಣಿನಿಯ ಸೂತ್ರವೇ ಇದೆ, ‘ಕರ್ತೃಕರ್ಮಣೋಃ ಕೃತಿ’ (2.3.65): ಕೃತ್ ಪ್ರತ್ಯಯ ಸೇರಿ ಧಾತು ನಾಮವಾದಾಗ ಕರ್ತೃವಿಗೂ ಕರ್ಮಕ್ಕೂ ಷಷ್ಠಿ. ಇನ್ನು ಕನ್ನಡದಲ್ಲಿ? ‘ರಾಮ ಬಂದದ್ದು ನಿಜ’ ಎನ್ನುತ್ತೇವೆ, ‘ರಾಮನ ಬಂದದ್ದು’ ಎನ್ನುವುದಿಲ್ಲ. ಆದರೆ ‘ರಾಮನ ಬರುವಿಕೆ’, ‘ರಾಮನ ಓಟ’, ‘ಅವಳ ಬರವಣಿಗೆ’ ಎನ್ನುತ್ತೇವೆ. ಬರುವಿಕೆ, ಓಟ, ಬರವಣಿಗೆ ಇವು ಪೂರ್ತಿ ನಾಮಪದವಾಗಿ ಹೋದವು. ಶಾಲೆಯಲ್ಲಿ ಕೃದಂತ ಭಾವನಾಮ ಎಂದು ಕಲಿಸುತ್ತಿದ್ದೆವು. ‘ಬಂದದ್ದು’ ಹಾಗಲ್ಲ. ಅದು ‘ಬಂದ’ ಮತ್ತು ‘ಅದು’ ಸೇರಿದ್ದು. ‘ಅದು’ ಬಾಗಿಲಲ್ಲಿ ನಿಂತಿದೆ, ಒಳಗೆ ‘ರಾಮ ಬಂದ’ ಎಂಬ ಸಂಸಾರ ಹಾಗೆಯೇ ಉಳಿದಿದೆ. ಆದ್ದರಿಂದ ರಾಮನಿಗೆ ಪ್ರಥಮಾ ತಪ್ಪಿಲ್ಲ.

ಒಂದು ಸಂದೇಹ ಅಕ್ಕನವರಿಗೆ: ಟರ್ಕಿಶ್‌ನಲ್ಲಿ ಕರ್ಮಕ್ಕೂ ಷಷ್ಠಿ ಬರುತ್ತದೆಯೇ?

ಇನ್ನೊಂದು ಮಾತು. ಕನ್ನಡದಲ್ಲಿ ಬಂದೆ, ಬಂದಿ, ಬಂದ, ಬಂದಳು ಎಂದು ಪೂರ್ಣಕ್ರಿಯಾಪದಕ್ಕೆ ಪುರುಷ ವಚನ ಲಿಂಗಗಳೆಲ್ಲ ಇವೆ. ನಾಮವಾಕ್ಯವಾದೊಡನೆ ಎಲ್ಲವೂ ಉದುರಿ ‘ಬಂದದ್ದು’ ಒಂದೇ ಉಳಿಯುತ್ತದೆ. ನಾನು ಬಂದದ್ದು, ನೀನು ಬಂದದ್ದು, ಅವರು ಬಂದದ್ದು. ಆದ್ದರಿಂದ ನಮಗೆ ಸರ್ವನಾಮ ಬಿಡುವುದು ಕಷ್ಟ. ಅಕ್ಕನವರು ಹೇಳಿದ್ದು ಸರಿಯಾದರೆ ಟರ್ಕಿಯವರು ಪುರುಷವನ್ನು ಬಿಡುವುದಿಲ್ಲ. ಕ್ರಿಯಾಪದದ ಅಂಗಿ ಕಳಚಿ ನಾಮಪದದ ಅಂಗಿ ತೊಡಿಸುತ್ತಾರೆ, ಅಷ್ಟೆ.

ಅಂಕಾರಾ ಅಕ್ಕ:

ಮೇಷ್ಟ್ರೇ, ನಮಸ್ಕಾರ. ಇಲ್ಲ, ಕರ್ಮ ದ್ವಿತೀಯೆಯಲ್ಲೇ ಇರುತ್ತೆ. ಕರ್ತೃಗೆ ಮಾತ್ರ ಷಷ್ಠಿ. ‘ಸೆನಿನ್ ಬೆನಿ ಗೊರ್‌ಮೆನ್’ ಅಂದ್ರೆ ನೀನು ನನ್ನನ್ನು ನೋಡೋದು: ಸೆನಿನ್ ನಿನ್ನ, ಬೆನಿ ನನ್ನನ್ನು. ಇಲ್ಲಿ ನಮ್ಮ ಹುಡುಗರು ಯಾವಾಗಲೂ ಜಾರ್ತಾರೆ, ಯಾಕಂದ್ರೆ ‘ಸೆನಿ’ಗೂ ‘ಸೆನಿನ್’ಗೂ ಒಂದು ನಕಾರ ವ್ಯತ್ಯಾಸ. ‘ಸೆನಿ ಗೊರ್‌ಮೆಕ್ ಗುಝೆಲ್’ ಅಂದ್ರೆ ನಿನ್ನನ್ನ ನೋಡೋದು ಚೆಂದ. ‘ಸೆನಿನ್ ಗೊರ್‌ಮೆನ್ ಲಾಝಿಮ್’ ಅಂದ್ರೆ ನೀನು ನೋಡಬೇಕು. ಮೊದಲನೇದು ಮುದ್ದು, ಎರಡನೇದು ತಾಕೀತು.

ಷಷ್ಠಿಗೂ ಒಂದು ವಿನಾಯಿತಿ ಇದೆ ಮೇಷ್ಟ್ರೇ, ನಿಮಗೆ ಇಷ್ಟ ಆಗಬಹುದು. ‘ಹಿರ್‌ಸಿಝಿನ್ ಎವೆ ಗಿರ್‌ದಿಯಿ ಬೆಲ್ಲಿ’: ಆ ಕಳ್ಳ, ಅಂದ್ರೆ ನಾವು ಮಾತಾಡ್ತಿರೋ ಕಳ್ಳ, ಮನೆಗೆ ನುಗ್ಗಿದ್ದು ಸ್ಪಷ್ಟ. ‘ಎವೆ ಹಿರ್‌ಸಿಝ್ ಗಿರ್‌ದಿಯಿ ಬೆಲ್ಲಿ’: ಮನೆಗೆ ಯಾರೋ ಕಳ್ಳ ನುಗ್ಗಿದ್ದು ಸ್ಪಷ್ಟ. ಯಾವ ಕಳ್ಳನೋ ಏನೋ, ಗುರುತಿಲ್ಲ. ಗುರುತಿಲ್ಲದವನಿಗೆ ಷಷ್ಠಿಯ ಮರ್ಯಾದೆ ಇಲ್ಲ, ಕ್ರಿಯಾಪದಕ್ಕೆ ಅಂಟಿಕೊಂಡು ನಿಲ್ಲಬೇಕು. ಮೇಲೆ ನಾನು ಬರೆದ ಮಳೆಯೂ ಅಷ್ಟೇ, ಅದಕ್ಕೂ ಷಷ್ಠಿ ಇಲ್ಲ, ನೋಡಿ.

ನಿವೃತ್ತ ಮೇಷ್ಟ್ರು:

ಸೊಗಸು. ನಾವು ಕರ್ಮದಲ್ಲಿ ಇದನ್ನು ಮಾಡುತ್ತೇವೆ. ‘ಪುಸ್ತಕ ಓದಿದೆ’ ಎಂದರೆ ಯಾವುದೋ ಒಂದು. ‘ಪುಸ್ತಕವನ್ನು ಓದಿದೆ’ ಎಂದರೆ ಗೊತ್ತಿರುವ ಪುಸ್ತಕ. ಅವರು ಕರ್ತೃವಿಗೂ ಹಚ್ಚಿದ್ದಾರೆ.

ಧಾರವಾಡ ಫೇಡೆ:

ನಾ ಟರ್ಕಿಗೆ ಹೋದಾಕಿ ಅಲ್ರಿ, ಸೀರಿಯಲ್ ನೋಡಿ ಕಲ್ತಾಕಿ. ಹಂಗಾಗಿ ನನ್ನ ಮಾತು ಅರ್ಧ ತೊಗೋರಿ.

ನನಗ ಭಾಳ ಸೇರಿದ್ದು ಒಂದು ವಾಕ್ಯ ಅದ: ‘ಸೊಯ್ಲೆದಿಯಿನ್ ದೋರು’. ಅಂದ್ರ ನೀ ಹೇಳಿದ್ದು ಖರೇ. ಈಗ ಹೇಳ್ರಿ, ‘ನೀ ಹೇಳಿದ್ದು ಖರೇ’ ಅಂದ್ರ ಏನು? ನೀ ಹೇಳಿದ ಮಾತು ಖರೇ ಅಂತೋ, ನೀ ಹೇಳಿದಿ ಅನ್ನೂದು ಖರೇ ಅಂತೋ? ಕನ್ನಡದಾಗೂ ಎರಡೂ ಆಗ್ತದ, ಟರ್ಕಿಶ್‌ದಾಗೂ ಎರಡೂ ಆಗ್ತದ. ಅತ್ತಿ ಸೊಸಿ ಜಗಳದ ಸೀನಿನ್ಯಾಗ ಬಂದಿತ್ತು. ಸಬ್‌ಟೈಟಲ್‌ದವ ಒಂದರ್ಥ ಹಿಡದ, ಮುಂದಿನ ಸೀನ್ ನೋಡಿದ್ರ ಅದು ಇನ್ನೊಂದು. ಕನ್ನಡದಾಗ ಬರದಿದ್ರ ಎರಡೂ ಅರ್ಥ ಹಂಗ ಉಳೀತಿದ್ವು!

ಆಮ್ಯಾಲೆ ಈ ‘ಮ’ ಬಾಲ ಅಡಿಗಿ ಮನ್ಯಾಗೂ ಅದ. ದೊಲ್ಮಾ ಅಂದ್ರ ‘ತುಂಬು’ ಅನ್ನೂ ಧಾತುವಿನಿಂದ ಬಂದದ್ದು, ನಮ್ಮ ತುಂಬಗಾಯಿನೇ ಹೌದಲ್ಲೋ. ದ್ರಾಕ್ಷಿ ಎಲಿಯೊಳಗ ಅಕ್ಕಿ ಸುತ್ತಿದ್ದು ಸರ್ಮಾ, ಅದು ‘ಸುತ್ತು’ವಿನಿಂದ. ಐಸ್‌ಕ್ರೀಮಿಗೆ ದೊಂದುರ್ಮಾ, ಅಂದ್ರ ಹೆಪ್ಪುಗಟ್ಟಿಸಿದ್ದು. ವ್ಯಾಕರಣ ಅಂತ ಅಂಜೂದ್ಯಾಕ, ಊಟಕ್ಕ ಕುಂತ್ರ ಎಲ್ಲಾ ಬರ್ತದ.

ಇನ್ನ ಹುಟ್ಟಿದ ಹಬ್ಬಕ್ಕ ಅವರು ‘ಇಯಿ ಕಿ ದೋದುನ್’ ಅಂತಾರ: ಚಲೋ ಆತು, ನೀ ಹುಟ್ಟಿದಿ. ಇಲ್ಲಿ ಮೆನೂ ಇಲ್ಲ, ದಿಕ್‌ನೂ ಇಲ್ಲ! ನಮ್ಮ ಓಣ್ಯಾಗ ಉರ್ದು ಮಾತಾಡೋರ ಬಾಯಾಗ ಇರೂ ‘ಕಿ’ ಅದ ಅಲ್ಲಿ. ಫಾರ್ಸಿಯಿಂದ ಬಂದದ್ದು. ‘ಕಿ’ ಇದ್ರ ವಾಕ್ಯ ಮಡಚೂದು ಬ್ಯಾಡ, ಇದ್ದಂಗ ಇಡಬಹುದು. ಹಂಗಾದ್ರ ರೇಷ್ಮೆಗೂಡು ಅಣ್ಣಾರು ಎಲ್ಲಾದಕ್ಕೂ ‘ಕಿ’ ಹಚ್ಚಿ ಪಾರಾಗಬಹುದಲ್ಲ?

ಅಂಕಾರಾ ಅಕ್ಕ:

ಫೇಡೆ, ಆಗಲ್ಲಮ್ಮ. ‘ಇಯಿ ಕಿ’, ‘ಬೆಲ್ಲಿ ಕಿ’, ‘ನೆ ಯಝಿಕ್ ಕಿ’ (ಅಯ್ಯೋ ಪಾಪ, ಏನೆಂದರೆ) ಇಂಥ ಕೆಲವು ಜೋಡಿಗಳು ಬಾಯಲ್ಲಿ ಗಟ್ಟಿಯಾಗಿ ಕೂತಿವೆ. ಅದನ್ನೇ ಎಲ್ಲಾ ಕಡೆ ಎಳೆದ್ರೆ ಅನುವಾದ ಮಾಡಿದ ಹಾಗೆ ಕೇಳುತ್ತೆ. ‘ಲಾಝಿಮ್ ಕಿ ಗಿದೆಯಿಮ್’ ಅಂತ ನಿತ್ಯದ ಮಾತಲ್ಲಿ ಯಾರೂ ಅನ್ನಲ್ಲ. ನಾವು ಕನ್ನಡದಲ್ಲಿ ‘ಸತ್ಯ ಏನೆಂದರೆ ಅವನು ಬಂದ’ ಅಂತ ಆಗಾಗ ಅನ್ನಬಹುದು, ದಿನವಿಡೀ ಹಾಗೇ ಮಾತಾಡೋಕಾಗುತ್ತಾ?

ಖರೇ-ಖರೇ ಉದಾಹರಣೆ ಮಾತ್ರ ಚಿನ್ನ. ಅದನ್ನ ನಾನು ಯೋಚಿಸೇ ಇರಲಿಲ್ಲ.

ರೇಷ್ಮೆಗೂಡು:

ಎಲ್ಲರಿಗೂ ಕೈ ಮುಗಿದೆ. ಎರಡು ದಿನ ಬಸ್ಸಲ್ಲಿ ಇದನ್ನೇ ಬಾಯಿಪಾಠ ಮಾಡಿದೆ. ಆದರೆ ಅಕ್ಕಾ, ನಿಮ್ಮ ‘ಅನ್ನೋದು’ ಉಪಾಯ ಇವತ್ತು ಕೈ ಕೊಡ್ತು.

‘ಮೆಕ್ಯಾನಿಕ್ ಬಂದಿದ್ದಾನೆ ಅನ್ನೋದು ಮುಖ್ಯ, ಯಾವಾಗ ಬಂದ ಅನ್ನೋದಲ್ಲ’ ಅಂತ ಹೇಳಬೇಕಿತ್ತು. ಕನ್ನಡದಲ್ಲಿ ‘ಅನ್ನೋದು’ ಸಲೀಸಾಗಿ ಬಂತು. ಹಾಗಾದ್ರೆ ದಿಕ್ ಅಂತ ‘ಗೆಲ್‌ದಿಯಿ ಒನೆಮ್ಲಿ’ ಅಂದೆ. ಉಸ್ತಾ ತಲೆ ಅಲ್ಲಾಡಿಸಿ ‘ಗೆಲ್‌ಮಿಶ್ ಒಲ್‌ಮಸಿ ಒನೆಮ್ಲಿ’ ಅಂದ. ಮತ್ತೆ ಮೆ! ಬಂದಾಗಿದೆ, ಸುದ್ದಿ ಖಚಿತ, ಆದ್ರೂ ಮೆ. ಯಾಕೆ ಅಂತ ಈ ಸಲ ಕೇಳಲಿಲ್ಲ.

ಇನ್ನೊಂದು. ಈ ‘ಒಲ್’ ಎಲ್ಲಾ ಕಡೆ ನುಗ್ಗುತ್ತಲ್ಲ, ಯಾಕೆ? ‘ನೀರಿಲ್ಲ’ ಅನ್ನೋದಕ್ಕೆ ‘ಸು ಯೊಕ್’. ‘ನೀರಿಲ್ಲದಿರೋದು ಕಷ್ಟ’ ಅಂದಾಗ ಯೊಕ್ ಮಾಯವಾಗಿ ‘ಸು ಒಲ್‌ಮಮಸಿ ಝೊರ್’ ಆಗುತ್ತೆ.

ಅಂಕಾರಾ ಅಕ್ಕ:

ಸಿಕ್ಕಿಬಿದ್ದೆ. ನನ್ನ ಉಪಾಯ ಊರುಗೋಲಷ್ಟೇ, ರಸ್ತೆ ಅಲ್ಲ. ತಿದ್ದಿ ಹೇಳ್ತೀನಿ. ಮುಂದೆ ಬರೋ ಪದ ‘ನಿಜವೋ ಸುಳ್ಳೋ, ಗೊತ್ತೋ ಗೊತ್ತಿಲ್ವೋ’ ಅನ್ನೋ ಜಾತಿದಾ ನೋಡು: ದೋರು (ನಿಜ ಅನ್ನೋ ಅರ್ಥದಲ್ಲಿ), ಬೆಲ್ಲಿ, ಕೆಸಿನ್. ಅವಕ್ಕೆ ದಿಕ್ ಅಥವಾ ಎಜೆಕ್. ಒಳ್ಳೇದು, ಕೆಟ್ಟದ್ದು, ಮುಖ್ಯ, ಅಗತ್ಯ, ಕಷ್ಟ, ಸಾಧ್ಯ ಅಂತ ಬೆಲೆ ಕಟ್ಟೋ ಪದಗಳಿಗೆ ಮೆ, ವಿಷಯ ನಡೆದು ಹೋಗಿದ್ರೂ ಮೆ. ನಡೆದುಹೋಗಿದೆ ಅಂತ ಒತ್ತಿ ಹೇಳಬೇಕಾದ್ರೆ ನಿನ್ನ ಉಸ್ತಾ ಅಂದ ಹಾಗೆ ‘ಗೆಲ್‌ಮಿಶ್ ಒಲ್‌ಮಸಿ’, ಬಂದಾಗಿರೋದು. ಬೀದಿ ಮಾತು ಇಷ್ಟು ಕಟ್ಟುನಿಟ್ಟಲ್ಲ. ‘ಗೆಲ್‌ದಿಯಿನ್ ಇಯಿ ಒಲ್ದು’, ನೀನು ಬಂದದ್ದು ಒಳ್ಳೇದಾಯ್ತು ಅಂತಲೂ ನಮ್ಮ ತರಕಾರಿಯವನು ಅಂತಿದ್ದ. ನೀನು ಇನ್ನೊಂದು ವರ್ಷ ಕಟ್ಟುನಿಟ್ಟಾಗೇ ಇರು.

‘ಒಲ್’ ಬಗ್ಗೆ ನಿನಗೆ ಹೇಳಿಕೊಡಬೇಕಾದ್ದೇ ಇಲ್ಲ, ಅದು ನಮ್ಮ ‘ಆಗು’, ‘ಇರು’ಗಳ ಕೆಲಸವನ್ನ ಒಬ್ಬನೇ ಮಾಡೋ ಆಳು. ‘ಅವನು ಡಾಕ್ಟರ್’ ಅನ್ನೋ ವಾಕ್ಯದಲ್ಲಿ ನಮಗೂ ಕ್ರಿಯಾಪದ ಬೇಡ, ಅವರಿಗೂ ಬೇಡ. ಅದನ್ನ ಮಡಚಬೇಕು ಅಂದ್ರೆ ‘ಡಾಕ್ಟರ್ ಆಗಿರೋದು ನಿಜ’ ಅಂತೀವಿ, ಅವರು ‘ದೊಕ್ತೊರ್ ಒಲ್‌ದೂ ದೋರು’ ಅಂತಾರೆ. ನಮ್ಮ ‘ಇಲ್ಲ’ಕ್ಕೂ ಹೆಚ್ಚಾಗಿ ನೇರವಾಗಿ ಬಾಲ ಅಂಟಿಸಲ್ಲ, ‘ಇಲ್ಲದಿರೋದು’ ಅಂತ ‘ಇರು’ವನ್ನ ಕರೆದುಕೊಂಡು ಬರ್ತೀವಿ. ಯೊಕ್ ಮಾಯವಾಗೋದೂ ಅದಕ್ಕೇ.

ನೀನು ಬರೆದ ‘ಝೊರ್’ ನಮ್ಮ ‘ಜೋರು’ ಅಂತ ಗೊತ್ತಾಯ್ತಾ? ಫಾರ್ಸಿಯಲ್ಲಿ ಬಲ ಅಂತ ಅರ್ಥ. ನಮ್ಮಲ್ಲಿ ಗಟ್ಟಿ ದನಿ, ಜೋರು ಮಳೆ ಆಯ್ತು. ಅಲ್ಲಿ ಕಷ್ಟ ಆಯ್ತು. ‘ಶರ್ತ್’ ಅಂದ್ರೆ ನಮ್ಮ ಷರತ್ತು: ‘ಗಿತ್‌ಮೆಮ್ ಶರ್ತ್’, ನಾನು ಹೋಗಲೇಬೇಕು. ‘ಅಯಿಪ್’ ಅಂದ್ರೆ ನಮ್ಮ ಐಬು. ನಮ್ಮಲ್ಲಿ ಮಾಲಿನ ಐಬು ಹುಡುಕ್ತೀವಿ, ಅಲ್ಲಿ ನಡವಳಿಕೆಯ ಐಬು: ‘ಬೊಯ್‌ಲೆ ದೆಮೆಕ್ ಅಯಿಪ್’, ಹಾಗೆ ಅನ್ನೋದು ತಪ್ಪು, ನಾಚಿಕೆಗೇಡು. ಈ ಮೂರಕ್ಕೂ ಮೆಕ್ ಅಥವಾ ಮೆ. ಕಣ್ಣು ಮುಚ್ಚಿಕೊಂಡು ಹಾಕು.

ಕುಡ್ಲದ ಮೀನು:

ಒಂದೇ ಮಾತು. ನೀವೆಲ್ಲ ಲಾಝಿಮ್, ತಶಿನ್‌ದಿಯಿ ಅಂತ ‘ಇ’ ಹಾಕಿ ಬರೆಯುತ್ತಾ ಇದ್ದೀರಿ, ಅಲ್ಲಿ ಇರುವುದು ಚುಕ್ಕಿ ಇಲ್ಲದ ಅಕ್ಷರ. ಅದರ ಸ್ವರ ಇ ಅಲ್ಲ, ಉ ಕೂಡಾ ಅಲ್ಲ. ತುಟಿ ದುಂಡು ಮಾಡದೆ ಉ ಹೇಳಿದ ಹಾಗೆ. ತುಳುವಿನಲ್ಲಿ ಎಷ್ಟೋ ಪದಗಳ ಕೊನೆಗೆ ಇದೇ ಸ್ವರ ಉಂಟು. ತುಳು ಬರುವ ಗೆಳೆಯರಿದ್ದರೆ ಅವರ ಹತ್ತಿರ ಹೇಳಿಸಿ ಕೇಳಿ. ನನ್ನ ಇಸ್ತಾಂಬುಲ್‌ನ ಮೇಡಂ ‘ನೀವು ಎಲ್ಲಿ ಕಲಿತದ್ದು’ ಅಂತ ಕೇಳಿದ್ದರು. ಮಂಗಳೂರಿನಲ್ಲಿ, ಹುಟ್ಟಿದಾಗಲೇ ಅಂತ ಹೇಳಿದೆ.

ಮತ್ತೆ ‘ಗಿತ್‌ಮೆ’ಯಲ್ಲಿ ಒತ್ತು ಎಲ್ಲಿ ಬೀಳುತ್ತದೆ ನೋಡಿಕೊಳ್ಳಿ ಮಾರಾಯ್ರೆ. ‘ಗಿತ್’ ಮೇಲೆ ಒತ್ತಿದರೆ ‘ಹೋಗಬೇಡ’. ‘ಮೆ’ ಮೇಲೆ ಒತ್ತಿದರೆ ‘ಹೋಗುವುದು’. ‘ಗಿತ್‌ಮೆಮ್’ನಲ್ಲಿ ಮಾತ್ರ ಈ ಉಪಾಯವೂ ನಡೆಯುವುದಿಲ್ಲ, ಎರಡು ಅರ್ಥಕ್ಕೂ ಒತ್ತು ಕೊನೆಗೇ.

ರೇಷ್ಮೆಗೂಡು:

ಕೊನೇ ವರದಿ.

ನಿನ್ನೆ ರಾತ್ರಿ ತೆಯ್ಝೆಗೆ ಬರೆದೆ. ಈ ಸಲ ಡಿಕ್ಷನರಿ ಪಕ್ಕಕ್ಕಿಡಲಿಲ್ಲ, ನಿಮ್ಮನ್ನೆಲ್ಲ ತೊಡೆ ಮೇಲೆ ಇಟ್ಕೊಂಡಿದ್ದೆ. ‘ತೆಯ್ಝೆಜಿಯಿಮ್, ಚೊಜೂನ್ ತಶಿನ್‌ದಿಯಿ ದೋರು ದೆಯಿಲ್. ಯನ್‌ಲಿಶ್ ಯಝ್‌ದಿಯಿಮ್ ದೋರು.’ ಹುಡುಗ ಮನೆ ಬಿಟ್ಟದ್ದು ನಿಜ ಅಲ್ಲ. ನಾನು ತಪ್ಪು ಬರೆದದ್ದು ನಿಜ. ಎರಡೂ ದಿಕ್. ಕಳಿಸೋಕೆ ಮುಂಚೆ ನಾಲ್ಕು ಸಲ ಓದಿದೆ.

ಹತ್ತು ನಿಮಿಷ ನೀಲಿ ಗೆರೆ, ಉತ್ತರ ಇಲ್ಲ. ಆಮೇಲೆ ಬಂತು: ‘ಯಾರಿನ್ ಚಾಯಾ ಗೆಲ್‌ಮೆನ್ ಲಾಝಿಮ್.’ ನಾಳೆ ಚಹಾಕ್ಕೆ ನೀನು ಬರಬೇಕು.

ನಾನು ಅದನ್ನ ಎರಡು ಸಲ ಓದಿದ್ದು ಚಹಾಕ್ಕೋಸ್ಕರ ಅಲ್ಲ. ಹದಿನಾಲ್ಕು ತಿಂಗಳಿಂದ ತೆಯ್ಝೆ ನನಗೆ ಬರೆದದ್ದೆಲ್ಲ ಬಹುವಚನದಲ್ಲೇ. ಪ್ರತಿ ತಿಂಗಳೂ ‘ಕಿರಾಯಿ ಒದೆಮೆನಿಝ್ ಲಾಝಿಮ್’, ನೀವು ಬಾಡಿಗೆ ಕಟ್ಟಬೇಕು. (ಒದೆಮೆಕ್ ಅಂದ್ರೆ ದುಡ್ಡು ಕಟ್ಟೋದು. ಮೊದಲ ತಿಂಗಳು ಇದನ್ನ ಕೇಳಿ ಅಮ್ಮ ‘ಒದೆಯೋದು ಅಂದ್ರೇನೋ?’ ಅಂತ ಹೆದರಿದ್ರು.) ಈ ಸಲ ‘ಗೆಲ್‌ಮೆನಿಝ್’ ಅಲ್ಲ, ‘ಗೆಲ್‌ಮೆನ್’. ‘ಇಝ್’ ಉದುರಿದೆ. ನೀವು ಹೋಗಿ ನೀನು ಬಂದಿದೆ.

ಉಸ್ತಾಗೆ ತೋರಿಸಿದೆ. ಅವನು ಗೆಲ್‌ಮೆನ್ ನೋಡಲಿಲ್ಲ, ಸಮಯ ಎಷ್ಟಕ್ಕೆ ಅಂತ ಕೇಳಿ, ‘ಎಲಿ ಬೊಶ್ ಗಿತ್‌ಮೆಕ್ ಅಯಿಪ್’ ಅಂದ. ಬರಿಗೈಯಲ್ಲಿ ಹೋಗೋದು ಐಬು. ಮೆಕ್ ಯಾಕೆ, ಮೆ ಯಾಕಲ್ಲ ಅಂತ ನನಗೆ ತಕ್ಷಣ ಹೊಳೀತು. ಏನು ತಗೊಂಡು ಹೋಗೋದು ಅನ್ನೋದು ಮಾತ್ರ ಹೊಳೀತಿಲ್ಲ. ಊರಿಂದ ತಂದ ಮೈಸೂರ್‌ಪಾಕ್ ಅರ್ಧ ಡಬ್ಬ ಇದೆ, ಅರ್ಧ ಡಬ್ಬ ಕೊಂಡೊಯ್ದರೆ ನಡೆಯುತ್ತಾ ಅಕ್ಕಾ?

ಅಂಕಾರಾ ಅಕ್ಕ:

ಅರ್ಧ ಡಬ್ಬ ಬೇಡ. ತಟ್ಟೆಗೆ ಹಾಕ್ಕೊಂಡು ಹೋಗು, ತುಂಬಿದ ಹಾಗೆ ಕಾಣುತ್ತೆ. ತಟ್ಟೆ ಖಾಲಿ ವಾಪಸ್ ಬರಲ್ಲ.